ಬಡವನ ಟಿಕೆಟ್ಟು, ಉಳ್ಳವನ ಸೀಟು!

ಲಾಟರಿ ದುಡ್ಡಿನಿಂದ ಮಕ್ಕಳನ್ನು ಕಾಲೇಜು ಓದಿಸಬಹುದೇ? ಧಾರಾಳವಾಗಿ ಓದಿಸಬಹುದು. ಅಮೆರಿಕದ ಜಾರ್ಜಿಯಾ ರಾಜ್ಯ 1993ರಿಂದ ಓದಿಸುತ್ತಲೇ ಇದೆ. ಆದರೆ ಯಾರ ದುಡ್ಡಿನಲ್ಲಿ ಯಾರ ಮಕ್ಕಳು ಓದುತ್ತಿದ್ದಾರೆ ಎಂದು ಕೇಳಿ ನೋಡಿ. ಆಗ ಕಥೆಯ ಬಣ್ಣ ಬಯಲಾಗುತ್ತದೆ.

ಜಾರ್ಜಿಯಾದ ಉಸಾಬರಿ ನಮಗೇಕೆ ಅನ್ನಬೇಡಿ. ಕರ್ನಾಟಕದಲ್ಲಿ ಸರ್ಕಾರಿ ಲಾಟರಿ 2007ರಲ್ಲಿ ನಿಂತಿತು. ಅದು ನಿಂತರೂ ಒಂದು ಮಾತು ಮಾತ್ರ ಸಾಯಲಿಲ್ಲ. "ಕೇರಳದವರು ನಡೆಸುತ್ತಾರೆ, ಕೋಟಿಗಟ್ಟಲೆ ಎಣಿಸುತ್ತಾರೆ. ನಮ್ಮ ಜನವೇ ಗಡಿ ದಾಟಿ ಹೋಗಿ ಟಿಕೆಟ್ ಕೊಳ್ಳುತ್ತಾರೆ. ಆ ದುಡ್ಡು ಇಲ್ಲೇ ಉಳಿದು ಕನ್ನಡದ ಮಕ್ಕಳ ಓದಿಗೆ ಹೋದರೆ ತಪ್ಪೇನು?" 2024ರಲ್ಲಿ ಕೇರಳದ ಓಣಂ ಬಂಪರ್‌ನ 25 ಕೋಟಿ ರೂಪಾಯಿ ನಮ್ಮ ಮಂಡ್ಯ ಜಿಲ್ಲೆಯವರಿಗೇ ಹೊಡೆಯಿತು. ಇಂಥ ಸುದ್ದಿ ಬಂದಾಗ ಕಾಲೇಜು ಕ್ಯಾಂಟೀನುಗಳಲ್ಲಿ ಈ ಮಾತು ಏಳದೆ ಇರುತ್ತದೆಯೇ?

ಮಾತು ಕೇಳಲು ಚೆನ್ನಾಗಿದೆ. ಕನ್ನಡದ ಹೆಸರನ್ನೂ ಸೇರಿಸಿದರೆ ಇನ್ನೂ ಚೆನ್ನ. ಅದಕ್ಕೇ ಇದನ್ನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಾಡಿ ನೋಡಿದವರ ಮನೆಯ ಲೆಕ್ಕದ ಪುಸ್ತಕವನ್ನು ಒಮ್ಮೆ ತೆರೆಯೋಣ.

ಒಬ್ಬ ಮಿಲ್ಲರ್ ಕೊಟ್ಟ ಭರವಸೆ

ಜೆಲ್ ಮಿಲ್ಲರ್ ಎಂಬ ರಾಜಕಾರಣಿ ಜಾರ್ಜಿಯಾದ ಗುಡ್ಡಗಾಡಿನವನು. ಕೂಸಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡು ತಾಯಿಯ ದುಡಿಮೆಯಲ್ಲಿ ಬೆಳೆದವನು. ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿದವನು. 1990ರಲ್ಲಿ ಗವರ್ನರ್ ಚುನಾವಣೆಗೆ ನಿಂತಾಗ ಆತನ ಘೋಷಣೆ ಒಂದೇ: ಲಾಟರಿ ತರುತ್ತೇನೆ, ಅದರ ಲಾಭವನ್ನೆಲ್ಲ ವಿದ್ಯೆಗೆ ಸುರಿಯುತ್ತೇನೆ. ಗೆದ್ದ. 1992ರ ನವೆಂಬರಿನಲ್ಲಿ ಜನಮತ ಕೇಳಿದ, ಸಣ್ಣ ಅಂತರದಲ್ಲಿ ಅದನ್ನೂ ಗೆದ್ದ. 1993ರ ಜೂನ್‌ನಲ್ಲಿ ಟಿಕೆಟ್ ಮಾರಾಟ ಶುರುವಾಯಿತು, ಅದೇ ವರ್ಷ ವಿದ್ಯಾರ್ಥಿವೇತನವೂ ಶುರುವಾಯಿತು. ಅದಕ್ಕೆ 'ಹೋಪ್' ಎಂದು ಹೆಸರಿಟ್ಟರು. ಹೋಪ್ ಎಂದರೆ ಭರವಸೆ.

ನಿಯಮ ಸರಳವಾಗಿತ್ತು. ಹೈಸ್ಕೂಲಿನಲ್ಲಿ 'ಬಿ' ದರ್ಜೆಯ ಸರಾಸರಿ, ಅಂದರೆ 4ಕ್ಕೆ 3 ಅಂಕ ಇದ್ದರೆ ರಾಜ್ಯದ ಸರ್ಕಾರಿ ಕಾಲೇಜಿನಲ್ಲಿ ಫೀಸು ಕಟ್ಟುವಂತಿಲ್ಲ. ಸುಳ್ಳು ಹೇಳಬಾರದು, ಈ ಯೋಜನೆ ಒಳ್ಳೆಯದನ್ನೂ ಮಾಡಿತು. 20 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ನೆರವು ಸಿಕ್ಕಿದೆ. ರಾಜ್ಯದ ಜಾಣ ಮಕ್ಕಳು ಹೊರಗೆ ಹೋಗುವುದು ಕಡಿಮೆಯಾಯಿತು. ಅದೇ ಲಾಟರಿ ದುಡ್ಡಿನಲ್ಲಿ ನಾಲ್ಕು ವರ್ಷದ ಮಕ್ಕಳಿಗೆ ಶಿಶುವಿಹಾರಗಳು ನಡೆಯುತ್ತಿವೆ. ಟೆನೆಸ್ಸಿ, ದಕ್ಷಿಣ ಕೆರೊಲಿನಾ, ಅರ್ಕಾನ್ಸಾಸ್ ಹೀಗೆ ಒಂದೊಂದೇ ರಾಜ್ಯ ಈ ಮಾದರಿಯನ್ನು ಹಿಡಿಯಿತು.

ಹಾಗಾದರೆ ತೊಂದರೆ ಎಲ್ಲಿ? ಮೂರು ಪ್ರಶ್ನೆಗಳಲ್ಲಿ. ದುಡ್ಡು ಕಟ್ಟಿದವರು ಯಾರು? ಪಡೆದವರು ಯಾರು? ಕೊನೆಯವರೆಗೂ ಉಳಿಸಿಕೊಂಡವರು ಯಾರು?

ಕಟ್ಟಿದವರು

ಲಾಟರಿ ಅಂಗಡಿಯ ಮುಂದೆ ನಿಲ್ಲುವವರು ಯಾರೆಂದು ಹೇಳಲು ಪಂಡಿತರು ಬೇಕಾಗಿಲ್ಲ. ಆದರೂ ಪಂಡಿತರೇ ಲೆಕ್ಕ ಹಾಕಿದ್ದಾರೆ. ರೂಬೆನ್‌ಸ್ಟೈನ್ ಮತ್ತು ಸ್ಕಾಫಿಡಿ ಎಂಬ ಇಬ್ಬರು ಜಾರ್ಜಿಯಾದ ಲಾಟರಿಯನ್ನೇ ಹಿಡಿದು 2002ರಲ್ಲಿ ಅಧ್ಯಯನ ಪ್ರಕಟಿಸಿದರು. ಟಿಕೆಟ್ಟಿಗೆ ಹೆಚ್ಚು ಸುರಿಯುವವರು ಕಡಿಮೆ ಆದಾಯದವರು, ಬಿಳಿಯರಲ್ಲದವರು. ಲಾಟರಿಯಿಂದ ಬರುವ ವಿದ್ಯೆಯ ಲಾಭದಲ್ಲಿ ಕಡಿಮೆ ಪಾಲು ಪಡೆಯುವವರೂ ಅವರೇ. ತೆರಿಗೆ ಎಂದರೆ ಉಳ್ಳವನು ಹೆಚ್ಚು ಕೊಡಬೇಕು, ಇಲ್ಲದವನು ಕಡಿಮೆ ಕೊಡಬೇಕು ಎಂದು ನಾವೆಲ್ಲ ಓದಿದ್ದೇವೆ. ಲಾಟರಿ ಇದನ್ನು ತಲೆಕೆಳಗು ಮಾಡುತ್ತದೆ. ಆಸೆಯ ಹೆಸರಿನಲ್ಲಿ ವಸೂಲಾಗುವ ಈ ತೆರಿಗೆಯಲ್ಲಿ ಕಟ್ಟುವವನು ನಗುನಗುತ್ತಾ ಕಟ್ಟುತ್ತಾನೆ. ಸರ್ಕಾರಕ್ಕೆ ಇನ್ನೇನು ಬೇಕು?

ಇನ್ನೊಂದು ಸಂಗತಿ ಇದೆ. ಟಿಕೆಟ್ಟಿನ ದುಡ್ಡೆಲ್ಲ ವಿದ್ಯೆಗೆ ಹೋಗುತ್ತದೆ ಎಂದುಕೊಂಡರೆ ಮೋಸ ಹೋದಿರಿ. ಸಾಧ್ಯವಾದ ಮಟ್ಟಿಗೆ ಶೇ. 35ರಷ್ಟು ವಿದ್ಯೆಗೆ ಹೋಗಬೇಕು ಎಂದು ಜಾರ್ಜಿಯಾದ ಕಾನೂನು ಹೇಳುತ್ತದೆ. ನಿಜದಲ್ಲಿ ಹೋಗುತ್ತಾ ಬಂದದ್ದು ಸುಮಾರು ಕಾಲು ಭಾಗ. ಬಹುಮಾನ, ಏಜೆಂಟರ ಕಮಿಷನ್ನು, ಜಾಹೀರಾತು, ಕಂಪನಿಗಳ ಪಾಲು ಎಲ್ಲ ಕಳೆದು ಉಳಿದದ್ದು ಮಕ್ಕಳಿಗೆ. ಬಡವನ ಜೇಬಿನಿಂದ ನಾಲ್ಕು ರೂಪಾಯಿ ಕಿತ್ತು ಒಂದು ರೂಪಾಯಿ ವಿದ್ಯೆಗೆ ಕೊಡುವ ಈ ವ್ಯವಹಾರವನ್ನು ದಾನ ಎನ್ನಬೇಕಂತೆ!

ಪಡೆದವರು

ಮೊದಲ ವರ್ಷ ಒಂದು ಮಿತಿ ಇತ್ತು. ಕುಟುಂಬದ ಆದಾಯ ವರ್ಷಕ್ಕೆ 66 ಸಾವಿರ ಡಾಲರ್ ದಾಟಬಾರದು. ಮರುವರ್ಷ ಅದು 1 ಲಕ್ಷ ಡಾಲರ್ ಆಯಿತು. 1995ರಲ್ಲಿ ಮಿತಿಯೇ ಮಾಯವಾಯಿತು. ಉಳ್ಳವರು ತಮ್ಮ ಮಕ್ಕಳನ್ನು ಸಾಲಿಗೆ ಸೇರಿಸಲು ತೆಗೆದುಕೊಂಡದ್ದು ಎರಡೇ ವರ್ಷ.

ಇದಕ್ಕಿಂತ ಘೋರವಾದ ನಿಯಮ ಇನ್ನೊಂದಿತ್ತು. ಅಮೆರಿಕದ ಕೇಂದ್ರ ಸರ್ಕಾರ ಬಡ ವಿದ್ಯಾರ್ಥಿಗಳಿಗೆ ಪೆಲ್ ಗ್ರಾಂಟ್ ಎಂಬ ನೆರವು ಕೊಡುತ್ತದೆ. ಆ ನೆರವು ಬಂದರೆ ಅಷ್ಟನ್ನು ಹೋಪ್‌ನಿಂದ ಕತ್ತರಿಸುತ್ತಿದ್ದರು! ಬಡವನ ಮಗಳಿಗೆ ಕೇಂದ್ರದ ದುಡ್ಡು ಬರುತ್ತದಲ್ಲ, ಲಾಟರಿ ದುಡ್ಡು ಏಕೆ ಎಂಬ ವಾದ. ಅವಳ ಕೈಗೆ ಬಂದದ್ದು ಪುಸ್ತಕ ಕೊಳ್ಳಲು ಪುಡಿಗಾಸು. ವಕೀಲನ ಮಗನಿಗೆ ಮಾತ್ರ ಪೂರ್ತಿ ಫೀಸು. ಈ ನಿಯಮವನ್ನು ತೆಗೆಯಲು 2000ನೇ ಇಸವಿ ಬರಬೇಕಾಯಿತು.

ಸೂಸನ್ ಡೈನಾರ್ಸ್ಕಿ ಎಂಬ ಅರ್ಥಶಾಸ್ತ್ರಜ್ಞೆ 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಭರವಸೆ ಯಾರಿಗೆ ಎಂಬ ಪ್ರಶ್ನೆಯೇ ಅದರ ತಲೆಬರಹ. ಹೋಪ್ ಬಂದ ಮೇಲೆ ಕಾಲೇಜು ಸೇರುವವರ ಪ್ರಮಾಣ ಶೇಕಡಾ 7ರಿಂದ 8 ಅಂಶದಷ್ಟು ಏರಿತು ಎಂದು ಆಕೆ ಕಂಡರು. ಶಭಾಷ್ ಅನ್ನೋಣ. ಆದರೆ ಆ ಏರಿಕೆ ಬಹುಪಾಲು ಬಿಳಿಯರ, ಅನುಕೂಲಸ್ಥರ ಮನೆಗಳದ್ದು. ಬಿಳಿಯರಿಗೂ ಕಪ್ಪು ಜನರಿಗೂ, ಸಿರಿವಂತರಿಗೂ ಬಡವರಿಗೂ ಇದ್ದ ಕಂದಕ ಮುಚ್ಚಲಿಲ್ಲ, ಇನ್ನಷ್ಟು ಅಗಲವಾಯಿತು. ಕಾರ್ನ್‌ವೆಲ್ ಮತ್ತು ಮಸ್ಟರ್ಡ್ ಎಂಬ ಇನ್ನಿಬ್ಬರು ಕಾರುಗಳ ನೋಂದಣಿಯ ಲೆಕ್ಕ ತೆಗೆದರು. ಅನುಕೂಲಸ್ಥರ ಪ್ರದೇಶಗಳಲ್ಲಿ ಕಾರುಗಳ ಖರೀದಿ ಹೆಚ್ಚಾಗಿತ್ತು. ಹೇಗೂ ಕಾಲೇಜಿಗೆ ಹೋಗುತ್ತಿದ್ದ ಮಗನ ಫೀಸು ಉಳಿಯಿತು, ಆ ದುಡ್ಡಿಗೆ ಕಾರು ಬಂತು. ಲಾಟರಿ ಟಿಕೆಟ್ ಕೊಂಡವನು ಬಸ್ಸಿಗೆ ಕಾಯುತ್ತಿದ್ದ.

ಉಳಿಸಿಕೊಂಡವರು

ಗೆಳೆಯರೇ, ಕನ್ನಡದ ಹುಡುಗ ಹುಡುಗಿಯರು ಕಣ್ಣು ಬಿಟ್ಟು ಓದಬೇಕಾದ ಭಾಗ ಇದು.

ವಿದ್ಯಾರ್ಥಿವೇತನ ಸಿಗುವುದು ಒಂದು ದಿನದ ಹಬ್ಬ, ಉಳಿಸಿಕೊಳ್ಳುವುದು ನಾಲ್ಕು ವರ್ಷದ ವ್ರತ. ಕಾಲೇಜಿನಲ್ಲೂ 4ಕ್ಕೆ 3ರ ಸರಾಸರಿ ಇರಬೇಕು ಎಂದು ಜಾರ್ಜಿಯಾ ಹೇಳಿತು. 30, 60, 90 ಕ್ರೆಡಿಟ್ ಮುಗಿದಾಗ ಒಂದೊಂದು ತಪಾಸಣೆ. 30 ಕ್ರೆಡಿಟ್ ಎಂದರೆ ಸುಮಾರು ಮೊದಲ ವರ್ಷ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಮಗು ತಬ್ಬಿಬ್ಬಾಗುವುದು ಆ ವರ್ಷದಲ್ಲೇ. ಕತ್ತಿ ಬೀಳುವುದೂ ಆಗಲೇ. ಪಡೆದವರಲ್ಲಿ ಬಹುದೊಡ್ಡ ಪಾಲು ಪದವಿ ಮುಗಿಯುವ ಮೊದಲೇ ಅದನ್ನು ಕಳೆದುಕೊಳ್ಳುತ್ತಾ ಬಂದಿದೆ. ಒಳ್ಳೆಯ ಶಾಲೆ, ಓದಿದ ಅಪ್ಪ ಅಮ್ಮ, ಟ್ಯೂಷನ್ನು, ದುಡಿಯದೆ ಓದುವ ಅನುಕೂಲ ಇದ್ದವರು ಉಳಿಸಿಕೊಂಡರು. ರಾತ್ರಿ ಹೋಟೆಲಿನಲ್ಲಿ ತಟ್ಟೆ ತೊಳೆದು ಬೆಳಗ್ಗೆ ತರಗತಿಗೆ ಬಂದವರು 2.9ಕ್ಕೆ ನಿಂತು ಹೊರಬಿದ್ದರು.

ಜಾಣರು ದಾರಿ ಹುಡುಕಿಕೊಂಡರು. ಕಾರ್ನ್‌ವೆಲ್, ಲೀ, ಮಸ್ಟರ್ಡ್ ಅವರ 2005ರ ಅಧ್ಯಯನ ಹೇಳುವುದನ್ನು ಕೇಳಿ. ವಿದ್ಯಾರ್ಥಿಗಳು ಕಡಿಮೆ ಪಠ್ಯ ತೆಗೆದುಕೊಂಡರು, ಕಷ್ಟ ಕಂಡರೆ ನಡುವೆಯೇ ವಿಷಯ ಕೈಬಿಟ್ಟರು, ಕಠಿಣವಾದದ್ದನ್ನು ಸುಲಭವಾಗಿ ಅಂಕ ಸಿಗುವ ಬೇಸಿಗೆ ತರಗತಿಗೆ ತಳ್ಳಿದರು. ಅಂಕ ಉಳಿಸಿಕೊಳ್ಳಲು ಕಲಿಕೆಯನ್ನೇ ಬಿಟ್ಟುಕೊಟ್ಟರು! ವಿಜ್ಞಾನ, ಎಂಜಿನಿಯರಿಂಗ್‌ನ ಕಠಿಣ ವಿಷಯಗಳಿಗೂ ಅದೇ 3, ಸುಲಭದ ವಿಷಯಕ್ಕೂ ಅದೇ 3. ಇಂಥ ಅಂಕದ ಯೋಜನೆಗಳು ವಿಜ್ಞಾನ, ತಂತ್ರಜ್ಞಾನ ಓದುವವರ ಸಂಖ್ಯೆಯನ್ನೇ ಇಳಿಸಿದವು ಎಂದು 2015ರಲ್ಲಿ ಇನ್ನೊಂದು ಅಧ್ಯಯನ ಬಂತು. ಕೊನೆಗೆ 2017ರಿಂದ ಜಾರ್ಜಿಯಾದವರು ಅಂಥ ಕಠಿಣ ವಿಷಯಗಳಿಗೆ ಅರ್ಧ ಅಂಕ ಹೆಚ್ಚಿಗೆ ಲೆಕ್ಕ ಹಾಕತೊಡಗಿದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೈ ಸುಟ್ಟುಕೊಂಡ ಮೇಲೆ ಬಂದ ಬುದ್ಧಿ ಇದು.

2011ರಲ್ಲಿ ನಿಜವಾದ ಪರೀಕ್ಷೆ ಬಂತು. ಫೀಸು ಏರುತ್ತಿತ್ತು, ಅರ್ಹರ ಸಂಖ್ಯೆ ಏರುತ್ತಿತ್ತು, ಲಾಟರಿ ಆದಾಯ ಸಾಲದೆ ಬಂತು. ಯಾರಿಗೆ ಕಡಿತ ಮಾಡಬೇಕು? ಉಳ್ಳವರಿಗೆ ಮಾಡಬಹುದಿತ್ತು, ಆದಾಯ ಮಿತಿಯನ್ನು ಮತ್ತೆ ತರಬಹುದಿತ್ತು. ಅದನ್ನು ಮಾಡಲಿಲ್ಲ. ಸಾಮಾನ್ಯರ ಹೋಪ್ ಪೂರ್ತಿ ಫೀಸನ್ನು ಕೊಡುವುದು ನಿಂತಿತು. 3.7ರ ಸರಾಸರಿ, ಪ್ರವೇಶ ಪರೀಕ್ಷೆಯಲ್ಲಿ 1600ಕ್ಕೆ 1200 ಅಂಕ ತೆಗೆದವರಿಗೆ ಮಾತ್ರ ಪೂರ್ತಿ ಫೀಸಿನ ಹೊಸ ಯೋಜನೆ ಬಂತು. ಅದಕ್ಕೆ ಜೆಲ್ ಮಿಲ್ಲರ್‌ನ ಹೆಸರಿಟ್ಟರು! ತಾಯಿಯ ಬೆವರಲ್ಲಿ ಬೆಳೆದ ಗುಡ್ಡಗಾಡಿನ ಹುಡುಗನ ಹೆಸರು ಕೋಚಿಂಗ್ ಮಕ್ಕಳ ಯೋಜನೆಗೆ. ಸಾಮಾನ್ಯ ಹೋಪ್ ಮತ್ತೆ ಪೂರ್ತಿ ಫೀಸು ಕೊಡುವಂತಾಗಲು 2023 ಬರಬೇಕಾಯಿತು. ನಡುವಿನ ಹನ್ನೆರಡು ವರ್ಷಗಳಲ್ಲಿ ಓದಿದವರ ಸಾಲವನ್ನು ಯಾರು ತೀರಿಸುತ್ತಾರೆ?

ಬೇರೆ ದಾರಿ ಇರಲಿಲ್ಲವೇ ಎಂದರೆ ಪಕ್ಕದ ಟೆನೆಸ್ಸಿಯನ್ನು ನೋಡಿ. ಅಲ್ಲಿ 2014ರಲ್ಲಿ ಕಾನೂನು ಮಾಡಿ, ಲಾಟರಿಯಲ್ಲಿ ಕೂಡಿಟ್ಟ ದುಡ್ಡಿನಿಂದ ಎರಡು ವರ್ಷದ ಸಮುದಾಯ ಕಾಲೇಜು, ತಾಂತ್ರಿಕ ಕಾಲೇಜುಗಳನ್ನು ಫೀಸಿಲ್ಲದೆ ಎಲ್ಲರಿಗೂ ತೆರೆದರು. ಹೈಸ್ಕೂಲಿನ ಅಂಕ ಕೇಳಲಿಲ್ಲ. ಉಳಿಸಿಕೊಳ್ಳಲು 4ಕ್ಕೆ 2 ಸಾಕು, ಜೊತೆಗೆ ಒಂದಿಷ್ಟು ಗಂಟೆ ಸಮಾಜಸೇವೆ. ಅದರಲ್ಲೂ ಕೊರತೆ ಇದೆ. ಬೇರೆ ನೆರವೆಲ್ಲ ಕಳೆದು ಉಳಿದದ್ದನ್ನಷ್ಟೇ ಕೊಡುತ್ತಾರೆ, ಹಾಗಾಗಿ ಕಡುಬಡವರಿಗೆ ಹೆಚ್ಚೇನೂ ದಕ್ಕುವುದಿಲ್ಲ. ಆದರೂ ಬಾಗಿಲಲ್ಲಿ ನಿಂತು ಅಂಕಪಟ್ಟಿ ಕೇಳುವ ಕಾವಲುಗಾರನನ್ನು ತೆಗೆದರಲ್ಲ, ಅದು ದೊಡ್ಡದು.

ನಮ್ಮಲ್ಲೂ ಒಬ್ಬ ಮಿಲ್ಲರ್ ಇದ್ದರು

ಜಾರ್ಜಿಯಾದ ಮಿಲ್ಲರ್‌ಗಿಂತ ಮುಕ್ಕಾಲು ಶತಮಾನದ ಹಿಂದೆ ನಮ್ಮ ಮೈಸೂರಿನಲ್ಲಿ ಇನ್ನೊಬ್ಬ ಮಿಲ್ಲರ್ ಇದ್ದರು. ಸರ್ ಲೆಸ್ಲಿ ಮಿಲ್ಲರ್, ಮೈಸೂರು ಮುಖ್ಯ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು, 1919ರಲ್ಲಿ ವರದಿ ಬಂತು. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದವರಿಗೆ ಪಾಲು, ಅವರ ಮಕ್ಕಳಿಗೆ ವಿದ್ಯಾರ್ಥಿವೇತನ, ಓದಲು ಅನುಕೂಲ ಬೇಕು ಎಂದು ಅದು ಹೇಳಿತು. ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಲಿಲ್ಲ. ಅರ್ಹತೆ ಮುಖ್ಯ, ಎಲ್ಲರಿಗೂ ವಿದ್ಯೆ ಹರಡಲಿ ಎಂಬುದು ಅವರ ನಿಲುವು. ಅವರ ಸಾಧನೆಯ ಮುಂದೆ ತಲೆಬಾಗೋಣ. ಆದರೆ ಈ ಒಂದು ವಿಷಯದಲ್ಲಿ ಚರಿತ್ರೆ ನಾಲ್ವಡಿಯವರ ಪರವಾಗಿ ತೀರ್ಪು ಕೊಟ್ಟಿದೆ.

ಆ ಸಮಿತಿ ಹಿಂದುಳಿದವರನ್ನು ಗುರುತಿಸಲು ಹಿಡಿದ ಅಳತೆಗೋಲು ಯಾವುದು ಗೊತ್ತೇ? ಒಂದು ಸಮುದಾಯದಲ್ಲಿ ಇಂಗ್ಲಿಷ್ ಓದುಬರಹ ಬಲ್ಲವರು ಎಷ್ಟು ಮಂದಿ ಎಂಬುದು. ಇಂಗ್ಲಿಷ್ ಯಾರ ಮನೆಯಲ್ಲಿದೆಯೋ ಅಧಿಕಾರವೂ ಅವರ ಮನೆಯಲ್ಲಿದೆ ಎಂದು 1919ರಲ್ಲೇ ಬರೆದಿಟ್ಟಂತಾಯಿತು. ನೂರು ವರ್ಷ ದಾಟಿತು. ಅಳತೆಗೋಲು ಬದಲಾಗಿದೆಯೇ?

ಇಲ್ಲಿಯ ಲೆಕ್ಕ

ಕರ್ನಾಟಕ ಜಾರ್ಜಿಯಾ ಅಲ್ಲ, ನಿಜ. ನಮ್ಮಲ್ಲಿ ವಿದ್ಯಾರ್ಥಿವೇತನಕ್ಕೆ ಸಾಮಾನ್ಯವಾಗಿ ಆದಾಯ ಮಿತಿ ಇದೆ. ಊಟ, ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು ಕೊಡುವ ವಿದ್ಯಾಸಿರಿ ಬಂತು. 2021ರಲ್ಲಿ ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ ಬಂತು. ಸಿಇಟಿಯಲ್ಲಿ ಗ್ರಾಮೀಣರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಸೀಟು ಇದೆ. ಇವೆಲ್ಲ ಸುಮ್ಮನೆ ಬಂದವಲ್ಲ, ಹೋರಾಡಿ ಪಡೆದವು.

ಆದರೆ ಮೂರನೆಯ ಪ್ರಶ್ನೆಯನ್ನು ಇಲ್ಲಿ ಯಾರೂ ಕೇಳುತ್ತಿಲ್ಲ. ಪಡೆದದ್ದು ಉಳಿಯಿತೇ?

ಸಿಂಧನೂರಿನ ಕಡೆಯ ಒಂದು ಹಳ್ಳಿಯಿಂದ, ಒಂದರಿಂದ ಹತ್ತರವರೆಗೆ ಕನ್ನಡದಲ್ಲೇ ಓದಿದ ಹುಡುಗಿ ಎಂಜಿನಿಯರಿಂಗ್ ಸೇರಿದಳು ಎಂದಿಟ್ಟುಕೊಳ್ಳಿ. ಸೀಟು ಕೊಡುವಾಗ ಸರ್ಕಾರ "ನೀನು ಕನ್ನಡದವಳು, ಬಾ" ಎಂದಿತು. ತರಗತಿಯ ಒಳಗೆ ಹೋದ ಕೂಡಲೇ "ಇಲ್ಲಿ ಕನ್ನಡ ನಡೆಯುವುದಿಲ್ಲ" ಎಂದಿತು. ಪಾಠ ಇಂಗ್ಲಿಷು, ಪುಸ್ತಕ ಇಂಗ್ಲಿಷು, ಪ್ರಶ್ನೆಪತ್ರಿಕೆ ಇಂಗ್ಲಿಷು. ಅವಳಿಗೆ ಗಣಿತ ಗೊತ್ತು, ಗಣಿತದ ಪ್ರಶ್ನೆ ಕೇಳಿದ ಭಾಷೆ ಗೊತ್ತಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಬಾಕಿ ಉಳಿದರೆ ಅದು ಅವಳ ದಡ್ಡತನವೇ?

ಈಗ ವಿದ್ಯಾರ್ಥಿವೇತನದ ಷರತ್ತು ನೋಡಿ. ಪಿಯುಸಿಯಲ್ಲಿ ಮುಂಚೂಣಿಯಲ್ಲಿದ್ದ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ವೇತನಕ್ಕೆ ಕುಟುಂಬದ ಆದಾಯ 4.5 ಲಕ್ಷ ದಾಟಬಾರದು. ಅದನ್ನು ಪ್ರತಿವರ್ಷ ಉಳಿಸಿಕೊಳ್ಳಲು ಶೇ. 50 ಅಂಕ, ಶೇ. 75 ಹಾಜರಿ ಬೇಕು. ಖಾಸಗಿ ಟ್ರಸ್ಟುಗಳು, ಕಂಪನಿಗಳು ಕೊಡುವ ಅನೇಕ ವೇತನಗಳಲ್ಲಿ ಅಂಕದ ಗೆರೆ ಇನ್ನೂ ಮೇಲಿರುತ್ತದೆ. ಬೆಂಗಳೂರಿನ ಕಾನ್ವೆಂಟಿನಿಂದ ಬಂದವನಿಗೆ ಐವತ್ತು ಅಂಕ ಎಡಗೈ ಆಟ. ಭಾಷೆಯನ್ನೂ ವಿಷಯವನ್ನೂ ಒಟ್ಟಿಗೇ ಕಲಿಯಬೇಕಾದ ಹುಡುಗಿಗೆ ಮೊದಲ ವರ್ಷ ಅದೇ ಐವತ್ತು ಬೆಟ್ಟ. ಜಾರ್ಜಿಯಾದಲ್ಲಿ 30 ಕ್ರೆಡಿಟ್ಟಿನ ಕತ್ತಿ ಕಪ್ಪು ಮಕ್ಕಳ, ಬಡ ಮಕ್ಕಳ ಮೇಲೆ ಬಿದ್ದ ಹಾಗೆ ಇಲ್ಲಿ ಅದು ಕನ್ನಡ ಮಾಧ್ಯಮದ ಮಕ್ಕಳ ಮೇಲೆ ಬೀಳುತ್ತದೆ. ನಿಯಮದಲ್ಲಿ ಎಲ್ಲಿಯೂ ಕನ್ನಡದ ಹೆಸರಿಲ್ಲ. ಎಲ್ಲರಿಗೂ ಒಂದೇ ಗೆರೆ ಎನ್ನುತ್ತಾರೆ. ಓಟ ಶುರುವಾಗುವ ಜಾಗ ಮಾತ್ರ ಬೇರೆ ಬೇರೆ.

ಇದರ ಮೇಲೆ ಕಾಗದಪತ್ರದ ಕಾಟ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ, ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಒಂದಕ್ಷರ ಹೆಚ್ಚು ಕಡಿಮೆ ಇದ್ದರೆ ಮುಗಿಯಿತು, ಸೈಬರ್ ಸೆಂಟರಿನಿಂದ ತಾಲ್ಲೂಕು ಕಚೇರಿಗೆ, ಅಲ್ಲಿಂದ ಬ್ಯಾಂಕಿಗೆ. ಎಷ್ಟೋ ಸಲ ದುಡ್ಡು ಬರುವ ಹೊತ್ತಿಗೆ ಫೀಸು ಕಟ್ಟುವ ಕಾಲ ದಾಟಿರುತ್ತದೆ. ಫೀಸು ಕಟ್ಟಲು ಅಪ್ಪ ಸಾಲ ಮಾಡಿ ಆಗಿರುತ್ತದೆ. ಆಮೇಲೆ ಬಂದ ವೇತನ ಬಡ್ಡಿಗೆ ಹೋಗುತ್ತದೆ.

ಲಾಟರಿ ಬೇಡ ಅನ್ನುವುದೇಕೆ

ಇಷ್ಟೆಲ್ಲಕ್ಕೂ ದುಡ್ಡು ಬೇಕಲ್ಲ, ಲಾಟರಿ ತರೋಣ ಅನ್ನುವವರಿಗೆ ಒಂದು ಮಾತು. ತೊಂಬತ್ತರ ದಶಕದಲ್ಲಿ ಬಸ್ ಸ್ಟ್ಯಾಂಡುಗಳಲ್ಲಿ ಒಂದಂಕಿ ಲಾಟರಿ ಕೂಲಿಯವರ ದಿನದ ಸಂಬಳವನ್ನು ಸಂಜೆಯೊಳಗೆ ನುಂಗುತ್ತಿದ್ದುದನ್ನು ನಿಮ್ಮ ಮನೆಯ ಹಿರಿಯರನ್ನು ಕೇಳಿ. ಅದನ್ನು ತಡೆಯಲು 1998ರಲ್ಲಿ ಕೇಂದ್ರ ಕಾನೂನೇ ಬರಬೇಕಾಯಿತು. ಇಲ್ಲಿ ಲಾಟರಿ ಪೂರ್ತಿ ನಿಂತದ್ದು 2007ರಲ್ಲಿ, ಸಾರಾಯಿ ನಿಂತ ವರ್ಷವೇ. ಅಕ್ಕಪಕ್ಕದ ರಾಜ್ಯ ನಡೆಸುತ್ತದೆ ಎನ್ನುವುದು ವಾದವಲ್ಲ. ಪಕ್ಕದ ಮನೆಯವನು ಸಾಲ ಮಾಡಿ ತುಪ್ಪ ತಿಂದರೆ ನಾವೂ ತಿನ್ನಬೇಕೇ?

ಜೂಜು ಪೂರ್ತಿ ಹೋಗಲಿಲ್ಲ ನಿಜ. ಅದು ಕಾಗದದಿಂದ ಮೊಬೈಲಿಗೆ ಬಂತು. ಆನ್‌ಲೈನ್ ಜೂಜನ್ನು ತಡೆಯಲು ಕರ್ನಾಟಕ 2021ರಲ್ಲಿ ಮಾಡಿದ ಕಾನೂನಿನ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರಲ್ಲಿ ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟುವ ಆನ್‌ಲೈನ್ ಆಟಗಳ ವಿರುದ್ಧ ಕಾನೂನು ಮಾಡಿತು. ಒಂದು ಕೈಯಲ್ಲಿ ಜೂಜನ್ನು ಹೊಸಕುತ್ತಾ ಇನ್ನೊಂದು ಕೈಯಲ್ಲಿ ಟಿಕೆಟ್ ಮಾರಿ, ನಡುವೆ ಕನ್ನಡದ ಮಕ್ಕಳ ಫೋಟೋ ಹಾಕುವುದು ನಾಚಿಕೆಗೇಡು. ಕನ್ನಡಿಗರ ಮಕ್ಕಳ ಓದು ಸರ್ಕಾರದ ಕರ್ತವ್ಯ. ಅದನ್ನು ಅದೃಷ್ಟದ ಚೀಟಿಗೆ ಅಡವಿಡಬಾರದು. ತೆರಿಗೆಯಿಂದ ಬರಲಿ, ಬಜೆಟ್ಟಿನಲ್ಲಿ ಬರೆದಿರಲಿ, ಉಳ್ಳವರು ಹೆಚ್ಚು ಕೊಡಲಿ.

ನಾವು ಕೇಳಬೇಕಾದ್ದು

ಒಂದು: ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಯಾವ ವಿದ್ಯಾರ್ಥಿಯ ವೇತನವನ್ನೂ ಮೊದಲ ವರ್ಷದ ಅಂಕ ನೋಡಿ ನಿಲ್ಲಿಸಕೂಡದು. ಕಾಲೂರಲು ಒಂದು ವರ್ಷ ಕೊಡಿ.

ಎರಡು: ಸೀಟು ಕೊಟ್ಟ ಸರ್ಕಾರ ಸೇತುವೆಯನ್ನೂ ಕಟ್ಟಲಿ. ಮೊದಲ ಎರಡು ಸೆಮಿಸ್ಟರಿನಲ್ಲಿ ಕನ್ನಡದಲ್ಲಿ ವಿವರಿಸುವ ಹೆಚ್ಚುವರಿ ತರಗತಿ, ಕನ್ನಡದಲ್ಲಿ ಟಿಪ್ಪಣಿ ಪ್ರತಿ ಕಾಲೇಜಿನಲ್ಲೂ ಕಡ್ಡಾಯವಾಗಲಿ.

ಮೂರು: ದುಡ್ಡು ವರ್ಷದ ಮೊದಲಲ್ಲಿ ಬರಲಿ. ಊಟ ಮುಗಿದ ಮೇಲೆ ಎಲೆ ಹಾಕಿ ಪ್ರಯೋಜನವಿಲ್ಲ.

ನಾಲ್ಕು, ಎಲ್ಲಕ್ಕಿಂತ ಮುಖ್ಯವಾದದ್ದು: ಲೆಕ್ಕ ಹೊರಗೆ ಬರಲಿ. ಪ್ರತಿವರ್ಷ ಎಷ್ಟು ಮಂದಿಗೆ ಕೊಟ್ಟೆವು ಎಂದು ಜಾಹೀರಾತು ಕೊಡುತ್ತೀರಿ. ಎಷ್ಟು ಮಂದಿ ಮರುವರ್ಷ ಕಳೆದುಕೊಂಡರು? ಅವರು ಯಾವ ಜಿಲ್ಲೆಯವರು, ಯಾವ ಮಾಧ್ಯಮದವರು? ಜಾರ್ಜಿಯಾದ ಅನ್ಯಾಯ ನಮಗೆ ತಿಳಿದದ್ದು ಅಲ್ಲಿ ಯಾರೋ ಕೂತು ಲೆಕ್ಕ ಹಾಕಿದ್ದರಿಂದ. ಇಲ್ಲಿ ಲೆಕ್ಕ ಕೇಳುವವರು ನಾವಾಗಬೇಕು.

ನಗರದ ಕನ್ನಡದ ತರುಣ ತರುಣಿಯರೇ, ಬಾವುಟ ಹಿಡಿಯುವುದು ಸುಲಭ, ಹಿಡಿಯೋಣ. ನವೆಂಬರಿನಲ್ಲಿ ಆರ್ಕೆಸ್ಟ್ರಾ ಮಾಡುವುದೂ ಸುಲಭ, ಮಾಡೋಣ. ಅದರ ಜೊತೆಗೆ ಈ ವರ್ಷ ಇನ್ನೊಂದು ಕೆಲಸ ಮಾಡಿ. ನಿಮ್ಮ ಕಾಲೇಜಿನಲ್ಲಿ ಕಳೆದ ವರ್ಷ ವೇತನ ಪಡೆದು ಈ ವರ್ಷ ಕಳೆದುಕೊಂಡವರು ಯಾರೆಂದು ಕೇಳಿ, ಎಣಿಸಿ. ಅವರ ಜೊತೆ ಕೂತು ಪೋರ್ಟಲ್ಲಿನ ಅರ್ಜಿ ತುಂಬಿ, ಕಚೇರಿಗೆ ಜೊತೆಯಲ್ಲಿ ಹೋಗಿ. ನಿಮಗೆ ಇಂಗ್ಲಿಷ್ ಬರುತ್ತದಲ್ಲ, ವಾರಕ್ಕೆ ಎರಡು ಸಂಜೆ ಕೂತು ಅವರಿಗೆ ಕನ್ನಡದಲ್ಲಿ ಪಾಠ ಬಿಡಿಸಿ ಹೇಳಿ. ಎಣಿಸಿದ ಸಂಖ್ಯೆಯನ್ನು ಮಾಹಿತಿ ಹಕ್ಕಿನ ಅರ್ಜಿಯ ಜೊತೆಗಿಟ್ಟು ಅಧಿಕಾರಿಯ ಮೇಜಿನ ಮೇಲೆ ಇಡಿ.

ಕನ್ನಡದಲ್ಲಿ ಓದಿದವಳಿಗೆ ಸೀಟು ಸಿಕ್ಕಿತು ಎಂದು ನಾವು ಪಟಾಕಿ ಹೊಡೆದದ್ದು ಸಾಕು. ಅವಳು ಪದವಿ ಹಿಡಿದು ಹೊರಗೆ ಬಂದ ದಿನ ಹೊಡೆಯೋಣ.